ರಾಜಿಯಾದ ದಿನ

ಹೋದ ವಾರ ನಾನು ಕೆಲಸ ಮಾಡುವ ಶಾಲೆಯ ಉಗ್ರಾಣ ಖಾಲಿ ಮಾಡಿಸುವಾಗ ಗೋಡೆಗೆ ತೂಗುಹಾಕುವ ಹಳೆಯ ಬಟ್ಟೆಯ ನಕ್ಷೆಯೊಂದು ಸಿಕ್ಕಿತು. ಸುರುಳಿ ಬಿಚ್ಚಿದೊಡನೆ ಅಂಟು, ಮುಗ್ಗಲು, ಸೀಮೆಸುಣ್ಣ ಎಲ್ಲ ಕಲೆತ ವಾಸನೆ. ವಿಶಾಖಪಟ್ಟಣದ ಕಾಲೇಜಿನಲ್ಲಿ ಇಂಥದೇ ನಕ್ಷೆ ತೂಗುಹಾಕಿ ನಮಗೆ ಚರಿತ್ರೆ ಕಲಿಸಿದ ಮೇಷ್ಟ್ರು ಎದುರಿಗೆ ಬಂದು ನಿಂತಂತಾಯಿತು...

ಅಪ್ಪ ನೌಕಾಪಡೆಯಲ್ಲಿದ್ದರು, ನಾವು ಗದಗಿನ ಕಡೆಯವರು. ಮೇಷ್ಟ್ರು ಬಳ್ಳಾರಿಯವರು, ಒಂಟಿ ಮನುಷ್ಯ. ತರಗತಿಯಲ್ಲಿ ತೆಲುಗು, ಇಂಗ್ಲಿಷು. ಹೊರಗೆ ನನ್ನೊಡನೆ ಮಾತ್ರ ಕನ್ನಡ. ಭಾನುವಾರ ನಮ್ಮ ಕ್ವಾರ್ಟರ್ಸಿಗೆ ಬಂದರೆ ಅವ್ವನ ರೊಟ್ಟಿ ತಿನ್ನದೆ ಏಳುತ್ತಿರಲಿಲ್ಲ.

ಅಮೆರಿಕದ ಅಂತರ್ಯುದ್ಧದ ನಂತರದ ಪಾಠವೆಂದರೆ ಅವರಿಗೆ ಪ್ರಾಣ. ಯುದ್ಧವನ್ನು ಬೇಗ ಮುಗಿಸಿಬಿಡುತ್ತಿದ್ದರು. ಗುಲಾಮಗಿರಿ ಹೋಯಿತು, ಸರಿ. ಒಡೆದ ದೇಶವನ್ನು ಮತ್ತೆ ಕಟ್ಟುವುದು ಹೇಗೆ? ಬಿಡುಗಡೆಯಾದವರು ಶಾಲೆ ಕಟ್ಟಿಕೊಂಡದ್ದು, ಓಟು ಹಾಕಿದ್ದು, ಶಾಸನಸಭೆಯಲ್ಲಿ ಕೂತದ್ದು ಹೇಳುವಾಗ ಅವರ ದನಿ ಏರುತ್ತಿತ್ತು. ಆಮೇಲೆ ಇಳಿದುಬಿಡುತ್ತಿತ್ತು.

"ಉತ್ತರದ ಬಿಳಿಯರೂ ದಕ್ಷಿಣದ ಬಿಳಿಯರೂ ಕೊನೆಗೆ ರಾಜಿಯಾದರು. ಆ ರಾಜಿಗೆ ಯಾರನ್ನ ಬಿಟ್ಟುಕೊಟ್ಟರು, ಗೊತ್ತೇನು?"

ಕೊಂಡಪಲ್ಲಿ ಕಡೆಯಿಂದ ಬಂದ ಹುಡುಗನೊಬ್ಬ ನಮ್ಮ ತರಗತಿಯಲ್ಲಿದ್ದ. ಹಾಸ್ಟೆಲಿನವನು, ಅವನ ಅಪ್ಪ ಜೀತದಿಂದ ಬಿಡುಗಡೆಯಾದವನು. ಆ ದಿನ ಎದ್ದು ನಿಂತು ತೆಲುಗಿನಲ್ಲಿ ಕೇಳಿದ: "ಬಿಡುಗಡೆಯಾದ ದಿನ ಅವರೆಲ್ಲ ಎಲ್ಲಿ ಮಲಗಿದರು ಸಾರ್? ನಾವು ಅದೇ ಧಣಿಯ ಕೊಟ್ಟಿಗೆಯಲ್ಲೇ ಮಲಗಿದೆವು. ಬೇರೆ ಜಾಗ ಇರಲಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮೇಷ್ಟ್ರು ನಗಲಿಲ್ಲ. ಪಾಠ ನಿಲ್ಲಿಸಿ ಅವನನ್ನೇ ಮುಂದೆ ಕರೆದು ಮಾತಾಡಿಸಿದರು. ಅಂದಿನಿಂದ ಅವನು ಅವರ ಮನೆಮಗನಂತಾದ.

ಆಮೇಲೆ ಮೀಸಲಾತಿಯ ಗಲಾಟೆ ಬಂತು. ತರಗತಿಯ ಬೆಂಚುಗಳು ಎರಡು ಪಾಲಾದವು. ಒಂದು ಸಂಜೆ ಮೀಸಲಾತಿ ಬೇಡವೆನ್ನುವ ಗುಂಪೊಂದು ಹಾಸ್ಟೆಲಿಗೆ ನುಗ್ಗಿದಾಗ ಈ ಹುಡುಗ ಬಾಗಿಲಿಗೆ ಅಡ್ಡ ನಿಂತ. ತಿರುಗಿ ಹೊಡೆದ. ಊರಿನ ದೊಡ್ಡವರೊಬ್ಬರ ಮಗನ ಕೈ ಮುರಿಯಿತು. ಕಾಲೇಜು ಮುಚ್ಚಿದರು.

ಪರೀಕ್ಷೆ ಹತ್ತಿರವಾದಾಗ ಶಾಂತಿಸಭೆ ಸೇರಿತು. ಎರಡೂ ಕಡೆಯ ಮುಂದಾಳುಗಳು ಕೈ ಕುಲುಕಿದರು, ದೂರುಗಳನ್ನು ಹಿಂದಕ್ಕೆ ತೆಗೆದುಕೊಂಡರು. ಒಂದೇ ಷರತ್ತು: ಆ ಹುಡುಗ ಟೀಸಿ ತೆಗೆದುಕೊಂಡು ಹೋಗಬೇಕು. ಹೋಗಲು ಅವನನ್ನು ಒಪ್ಪಿಸಿದವರು ನಮ್ಮ ಮೇಷ್ಟ್ರೇ. ಹಾಸ್ಟೆಲಿನ ಉಳಿದವರ ವರ್ಷವಾದರೂ ಉಳಿಯಲಿ ಎಂದು... ಅವನು ಅಂದೇ ಟೀಸಿ ಬರೆಸಿಕೊಂಡು ಹೋದನಂತೆ.

ಪರೀಕ್ಷೆ ಮುಗಿದ ಮೇಲೆ ಮೇಷ್ಟ್ರು ಅವನನ್ನು ಹುಡುಕಿಕೊಂಡು ಅವನ ಊರಿಗೆ ಹತ್ತಿರದ ವಿಜಯವಾಡಕ್ಕೆ ಹೋದರು. ಬೇರೆ ಕಾಲೇಜಿಗೆ ಸೇರಿಸುವ ಏರ್ಪಾಡು ಮಾಡಿಕೊಂಡೇ ಹೋಗಿದ್ದರು. ಆಟೋನಗರದಲ್ಲಿ ಲಾರಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಅವನು ಸಿಕ್ಕ. ಹಿಂತಿರುಗಿ ಬಂದವರೇ ನೇರ ನಮ್ಮ ಮನೆಗೆ ಬಂದು ಕುಳಿತರು.

"ಏನಂದಾನ್ರೀ ಸರ?" ಅವ್ವ ಕೇಳಿದಳು.

"ಸ್ಟೂಲು ತಂದು ಹಾಕಿ ಕೂಡಿಸಿದ, ಅಕ್ಕಾ. ಟೀ ತರಿಸಿದ. ಹಾಸ್ಟೆಲ್ ಹುಡುಗರೆಲ್ಲ ಪರೀಕ್ಷೆ ಬರೆದರಾ ಅಂದ. ಬರೆದರಪ್ಪಾ ಅಂದೆ. ಅಷ್ಟು ಸಾಕು ಸಾರ್ ಅಂದು ಕೆಲಸಕ್ಕೆ ತಿರುಗಿಬಿಟ್ಟ."

"ಬೈಲಿಲ್ಲೇನ್ರೀ ನಿಮಗ?"

"ಬೈದಿದ್ದರೆ ಇನ್ನೊಂದಷ್ಟು ಹೊತ್ತು ಅಲ್ಲೇ ಕೂತಿರ್ತಿದ್ದೆ."

ಅವ್ವ ತಟ್ಟೆ ತಂದಿಟ್ಟಳು. ರೊಟ್ಟಿ ಮುರಿದರು, ತಿನ್ನಲಿಲ್ಲ.

ಮರುವರ್ಷ ಅವರು ಅಮೆರಿಕದ ಪಾಠವನ್ನು ದಕ್ಷಿಣದ ಸೇನೆ ಶರಣಾದಲ್ಲಿಗೇ ನಿಲ್ಲಿಸಿದರಂತೆ. ಮುಂದಿನದು ಏನಾಯಿತೆಂದು ಕಿರಿಯರು ಕೇಳಿದರೆ, ಪುಸ್ತಕದಲ್ಲಿದೆ, ಓದಿಕೊಳ್ಳಿ ಎಂದರಂತೆ. ಮಾತು ಕಡಿಮೆಯಾಯಿತು, ನಮ್ಮ ಮನೆಗೆ ಬರುವುದೂ ನಿಂತಿತು. ಅಪ್ಪನಿಗೆ ವರ್ಗವಾಗಿ ನಾವು ಹೊರಟಾಗ ಸ್ಟೇಷನ್ನಿಗೆ ಬಂದಿದ್ದರು. ಕಿಟಕಿಯ ಸರಳು ಹಿಡಿದು ನಿಂತಿದ್ದರು; ರೈಲು ಕದಲಿದಾಗ ಕೈ ಬಿಟ್ಟರು. ಕೆಲವು ವರ್ಷಗಳಲ್ಲಿ ತೀರಿಹೋದರೆಂದು ಯಾರಿಂದಲೋ ತಿಳಿಯಿತು.

ನಮ್ಮ ತರಗತಿಯವರು ಈಗ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಈಚೆಗೆ ವಿಶಾಖಪಟ್ಟಣದಲ್ಲಿ ಎಲ್ಲರೂ ಸೇರಿದ್ದರು. ಅಂದು ಕಲ್ಲು ತೂರಿದವರು, ಏಟು ತಿಂದವರು, ಕೈ ಮುರಿಸಿಕೊಂಡವನು, ಎಲ್ಲರೂ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಿರುವ ಫೋಟೋ ಬಂದಿದೆ. ಕೊಂಡಪಲ್ಲಿಯ ಹುಡುಗನ ನಂಬರು ಇದೆಯೇ ಎಂದು ಬರೆದೆ. ಎಲ್ಲರೂ ನೋಡಿದರು. ಒಬ್ಬ ಕೇಳಿದ, "ಯಾವ ಹುಡುಗ?"