ಮೂರು ಬೆರಳಿನ ಜಾಹೀರಾತು

ನನಗೆ ಪೆಟ್ಟು ಬಿದ್ದ ದಿನ ನೆನಪಾದರೆ ಈಗಲೂ ಖುಷಿಗೆ ಎದೆ ತುಂಬಿ ಬರುತ್ತದೆ. ನಗಬೇಡಿ. ಎರಡು ಹಲ್ಲು ಹೋದವು, ಪಕ್ಕೆಲುಬು ಇನ್ನೂ ನೋಯುತ್ತದೆ. ಆದರೂ ಅಂದು ನನ್ನ ಮೊಮ್ಮಗಳು ಮಾಡಿದ್ದನ್ನು ಕೇಳಿದರೆ ನೀವೂ ಹಿಗ್ಗುತ್ತೀರಿ.

ಮೂಡಲಗಿ ದಾರಿಯಲ್ಲಿ ನಮ್ಮದೊಂದು ಬೆಲ್ಲದ ಗಾಣ. ಎರಡನೆಯ ಇಯತ್ತೆಗೆ ಸಾಲಿ ಬಿಟ್ಟು ನಾನು ಅಲ್ಲಿಗೇ ಬಂದೆ. ಹರೆಯದಲ್ಲಿ ಒಮ್ಮೆ ಕಬ್ಬು ಒತ್ತುವಾಗ ಬಲಗೈ ಗಾಣದ ಉರುಳೆಗೆ ಸಿಕ್ಕಿತು. ಬಂದ್ ಮಾಡುವಷ್ಟರಲ್ಲಿ ಎರಡು ಬೆರಳು ಕಬ್ಬಿನ ಸಿಪ್ಪೆಯ ಜೊತೆ ಆಚೆ ಬಿದ್ದಿದ್ದವು. ಕಬ್ಬಿನ ಹಾಲು ಕೆಂಪಾಯಿತು, ಅಪ್ಪ ಅದಷ್ಟನ್ನೂ ಹೊಲಕ್ಕೆ ಚೆಲ್ಲಿಸಿದ. ಅಂದಿನಿಂದ ಆ ಕೈಗೆ ವಸ್ತ್ರ ಸುತ್ತಿಕೊಂಡೇ ಕೊಪ್ಪರಿಗೆಯ ಬೆಲ್ಲ ತಿರುವುತ್ತ ಬಂದೆ. ನೋಡಿದವರು ಅಯ್ಯೋ ಅನ್ನುವುದು ನನಗೆ ಬೇಡವಾಗಿತ್ತು.

ಕಾಲೇಜು ಮುಗಿಸಿದ ಮೊಮ್ಮಗಳು ಮೂರು ವರ್ಷದ ಹಿಂದೆ ಫೋನಿನಲ್ಲಿ ಬೆಲ್ಲ ಮಾರಲು ಶುರು ಮಾಡಿದಳು. ಕುದಿಯುವ ಕೊಪ್ಪರಿಗೆ ಮುಂದೆ ನಿಂತು ನಾನು ಮಾತಾಡಬೇಕು, ಅವಳು ವಿಡಿಯೋ ಮಾಡಿ ಹಾಕಬೇಕು. ಗೋಕಾಕ, ಸಂಕೇಶ್ವರ, ಕೊಲ್ಲಾಪುರದಿಂದಲೂ ಆರ್ಡರ್ ಬಂದವು.

"ಅಜ್ಜಾ, ನಮ್ಮ ಬೋರ್ಡ ಅಂದ್ರ ನಿನ್ನ ಮಾರಿ. ಅದಕ್ಕ ಮಸಿ ಹತ್ತಿದ್ರ ನನ್ನ ದಂಧೆ ಮುಗೀತ ನೋಡ" ಅನ್ನುತ್ತಿದ್ದಳು.

ಮೊದಲು ಜಾಹೀರಾತು ಅಂದರೆ ಗೋಡೆಯ ಬಣ್ಣ, ರಿಕ್ಷಾದ ಮೇಲೆ ಕೂಗುವ ಭೋಂಗಾ. ನೋಡದೆ ದಾಟಿ ಹೋಗಬಹುದಿತ್ತು. ಈಗ ಅದು ಅಂಗೈಯಲ್ಲೇ ಕೂತು ನಮ್ಮ ಕಣ್ಣು ನೋಡಿ ಮಾತಾಡುತ್ತದೆ. ಜನ ಸರಕು ನೋಡುವುದಿಲ್ಲ, ಮುಖ ನೋಡಿ ನಂಬುತ್ತಾರೆ.

ಗಾಣಕ್ಕೆ ಬಂದವರಿಗೆ ಮೊದಲು ಕಬ್ಬಿನ ಹಾಲು, ಬಿಸಿ ಬೆಲ್ಲ. ನೀವು ಯಾರು ಅಂತ ಕೇಳುವುದು ನಮ್ಮಲ್ಲಿ ಅಪಮಾನ. ಹಾಗೆ ಒಬ್ಬ ಬಂದ. ಎರಡು ಲೋಟ ಹಾಲು ಕುಡಿದು, "ಅಜ್ಜಾರ, ಈ ಕಡೆ ತಿರಗ್ರಿ, ಸ್ವಲ್ಪ ನಗ್ರಿ" ಅನ್ನುತ್ತ ಅರ್ಧ ದಿನ ವಿಡಿಯೋ ಮಾಡಿಕೊಂಡು ಹೋದ. ನಾನು ಹೆಸರೂ ಕೇಳಲಿಲ್ಲ.

ತಿಂಗಳಲ್ಲಿ ಫೋನಿನಲ್ಲಿ ಒಂದು ಜಾಹೀರಾತು ಬಂತು. ಮುಖ ನನ್ನದು, ದನಿ ನನ್ನದು, ಹೊಗಳುತ್ತಿದ್ದದ್ದು ಮಾತ್ರ ನಾನು ಕಂಡೇ ಇರದ ಬೆಲ್ಲ. ಎಲ್ಲ ಅಂದು ಬಂದವನ ವಿಡಿಯೋದಿಂದ ಕಂಪ್ಯೂಟರ್ ಯಂತ್ರ ಹೆಣೆದ ಸುಳ್ಳು. ಮೊಮ್ಮಗಳು ಜಾಹೀರಾತು ತೋರಿಸುವ ಕಂಪನಿಗೆ ದೂರು ಕೊಟ್ಟಳು. ನಮ್ಮ ನಿಯಮ ಮುರಿದಿಲ್ಲ ಅಂತ ಒಂದು ಸಾಲಿನ ಉತ್ತರ ಬಂತು.

"ಅಂವ ರೊಕ್ಕಾ ಕೊಟ್ಟ ಹಾಕ್ಯಾನ ಅಜ್ಜಾ. ಅವರ ಗಿರಾಕಿ ಅಂವ, ನಾವಲ್ಲ" ಅಂದಳು.

ಆ ವಾರವೇ ಹುಕ್ಕೇರಿ ಕಡೆಯಿಂದ ಒಂದು ಜೀಪು ಬಂದು ನಿಂತಿತು. ನಾಲ್ಕು ಮಂದಿ ಇಳಿದರು. ಒಬ್ಬ ಫೋನನ್ನು ನನ್ನ ಮೂಗಿಗೆ ಹಿಡಿದ.

"ಏ ಮುದಕಾ, ಇದರಾಗ ಹಲ್ಲ ಕಿಸ್ಯಾಂವ ನೀನ ಹೌದಲ್ಲೊ?"

ಮುಖ ನನ್ನದೇ. ಹೌದು ಅಂದೆ.

ಮೊದಲ ಗುದ್ದು ಬಾಯಿಗೆ ಬಿತ್ತು. ಸಿಪ್ಪೆಯ ರಾಶಿ ಮೇಲೆ ಬಿದ್ದವನನ್ನು ಬೂಟುಗಾಲಿಂದ ಒದ್ದರು. "ನಿನ್ನ ಬೆಲ್ಲಾ ತಿಂದ ನನ್ನ ಕೂಸ ಎರಡ ದಿನ ವಾಂತಿ ಮಾಡಿ ದವಾಖಾನಿ ಸೇರೇತಿ!" ಅಂತ ಆತ ಅಳುತ್ತಲೇ ಒದೆಯುತ್ತಿದ್ದ. ಇನ್ನೊಬ್ಬ ಕೊರಳಪಟ್ಟಿ ಹಿಡಿದು ಕೊಪ್ಪರಿಗೆ ಕಡೆ ಎಳೆದ. "ಇವನ್ನ ಇದರಾಗ ಅದ್ದರಲೇ!" ಕುದಿಯುವ ಪಾಕದ ಝಳ ಮುಖಕ್ಕೆ ಬಡಿಯಿತು. ಮುಗಿಯಿತು ಅಂದುಕೊಂಡೆ.

ಆಗ ಬಂದಳು ನನ್ನ ಹುಲಿ. ಉದ್ದ ಹಿಡಿಕೆಯ ಸಟ್ಟುಗದಲ್ಲಿ ಕುದಿಯುವ ಬೆಲ್ಲ ತುಂಬಿ ನನ್ನನ್ನು ಎಳೆಯುತ್ತಿದ್ದವನ ಕಾಲಿಗೆ ಎರಚಿದಳು. ಅವನು ಕಿರುಚಿ ಉರುಳಿದ.

"ಮುಂದ ಬಂದಾಂವನ ಮಾರಿ ಸುಡತೇನಿ!"

ಯಾರೂ ಬರಲಿಲ್ಲ. ಅವಳು ನನ್ನ ಕೈಯ ವಸ್ತ್ರ ಕಿತ್ತೆಸೆದು ಅಂಗೈ ಮೇಲೆತ್ತಿದಳು.

"ಎಣಸ್ರಿ. ಫೋನಿನ್ಯಾಗಿನ ಕೈಬೆರಳ ಎಣಸ್ರಿ, ಈ ಕೈನೂ ಎಣಸ್ರಿ."

ಜಾಹೀರಾತಿನಲ್ಲಿ ನಾನು ಬಲ ಅಂಗೈ ಬಿಚ್ಚಿ ಬೆಲ್ಲ ತೋರಿಸುತ್ತೇನೆ. ಐದು ಬೆರಳು! ವಸ್ತ್ರದೊಳಗಿನ ಕೈಯನ್ನು ಆ ಯಂತ್ರ ಎಂದೂ ಕಂಡಿರಲಿಲ್ಲ, ತನಗೆ ತಿಳಿದಂತೆ ತುಂಬಿಸಿಬಿಟ್ಟಿತ್ತು. ಕೂಸಿನ ಅಪ್ಪ ಎಣಿಸಿದ, ಮತ್ತೆ ಎಣಿಸಿದ, ಅಲ್ಲೇ ಕುಸಿದು ಕೂತ. ಬಾಯಲ್ಲಿ ರಕ್ತ ಇಟ್ಟುಕೊಂಡೇ ನಾನು ನಾಲ್ವರಿಗೂ ಕಬ್ಬಿನ ಹಾಲು ಕೊಡಿಸಿದೆ. ಮೊಮ್ಮಗಳು ಸುಟ್ಟ ಕಾಲಿಗೆ ನೀರು ಹೊಯ್ಯುತ್ತ ಬೈಯುತ್ತಿದ್ದಳು: "ಫೋನ ನೋಡಾಕ ಕಣ್ಣ ಅದಾವ, ಮನಶ್ಯಾನ ಕೈ ನೋಡಾಕ ಇಲ್ಲೇನ?"

ಅವರಲ್ಲೊಬ್ಬ ಹೊಡೆದಾಟವನ್ನೂ ವಿಡಿಯೋ ಮಾಡಿದ್ದ. ನಿಜ ತಿಳಿಯಲಿ ಅಂತ ಆತನೇ ಹಾಕಿದ. ಎರಡು ವರ್ಷ ಬೆಲ್ಲ ತೋರಿಸಿದಾಗ ನೋಡದವರೆಲ್ಲ ನನ್ನ ಹಲ್ಲು ಬಿದ್ದದ್ದನ್ನು ತಿರುತಿರುಗಿ ನೋಡಿದರು. ಬೆಳಗಾವಿಯ ಜಾಹೀರಾತಿನವನೊಬ್ಬ ಫೋನ್ ಮಾಡಿದ: "ಅಜ್ಜಾರ, ವಾರಕ್ಕೊಂದ ಜಗಳಾ ಮಾಡ್ರಿ. ಈಗ ಓಡೂದ ಅದ ನೋಡ್ರಿ."

ಮೊಮ್ಮಗಳು ಫೋನ್ ಕಸಿದುಕೊಂಡಳು. "ಬರ್ರಿ ಸರ, ಈ ಸಲ ನಿಮ್ಮ ಹಲ್ಲ ಮುರಿಯೂಣಂತ."

ಮೋಸ ಹೋದವರೆಲ್ಲ ಸೇರಿ ದೂರು ಕೊಟ್ಟ ಮೇಲೆ ಸುಳ್ಳು ಜಾಹೀರಾತು ಹೋಯಿತು. ಈಗ ನಮ್ಮ ಪ್ರತಿ ಪೊಟ್ಟಣದ ಮೇಲೆ ನನ್ನ ಮೂರು ಬೆರಳಿನ ಅಂಗೈ ಗುರುತು. ನಾನು ಜನ್ಮವಿಡೀ ಮುಚ್ಚಿಟ್ಟ ಕೈಯನ್ನೇ ಜನ ಈಗ ಕೇಳಿ ಕೊಳ್ಳುತ್ತಾರೆ. ವಸ್ತ್ರ ಸುತ್ತುವುದು ಬಿಟ್ಟಿದ್ದೇನೆ.

ಆ ಸುಳ್ಳು ವಿಡಿಯೋ ಒಂದನ್ನು ಮಾತ್ರ ನನ್ನ ಫೋನಿನಲ್ಲಿ ಉಳಿಸಿಕೊಂಡೆ.

"ಅಜ್ಜಾ, ಮತ್ತ ಆ ಕಳ್ಳಂದ ನೋಡಾಕತ್ತೀಯೇನ?"

"ಇಲ್ಲವ್ವಾ, ನನ್ನ ಬೆರಳ ನೋಡಾಕತ್ತೇನಿ."