ಉಗುರೆತ್ತರದ ಪ್ರಯಾಣಿಕರು

ಮನುಷ್ಯರನ್ನು ಬೆನ್ನ ಕಡೆಯಿಂದ ನೋಡುವ ಅಭ್ಯಾಸ ನನಗೆ ಅಂಟಿದ್ದು ನಿವೃತ್ತಿಯಾದ ಮೇಲೆ. ಅಲ್ಲಿಯವರೆಗೆ ನಾನೂ ಎಲ್ಲರಂತೆ ಮುಖ ನೋಡಿಯೇ ಮಾತಾಡಿಸುತ್ತಿದ್ದೆ. ಈಗ ಯಾರನ್ನಾದರೂ ರೈಲು ಹತ್ತಿಸಲು ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋದರೆ, ಹತ್ತಿಸಬೇಕಾದವರನ್ನು ಮರೆತು ಮುಂದೆ ನಿಂತವರ ಬೆನ್ನುಗಳನ್ನು ನೋಡುತ್ತ ನಿಂತುಬಿಡುತ್ತೇನೆ. ಬೆವರಿಗೆ ಅಂಟಿಕೊಂಡ ಅಂಗಿ ಎಲ್ಲೆಲ್ಲಿ ಕಪ್ಪಾಗುತ್ತದೆ, ಭಾರದ ಚೀಲ ಹಿಡಿದ ಕಡೆಯ ಭುಜ ಎಷ್ಟು ಇಳಿಯುತ್ತದೆ, ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ನೆರಿಗೆಯಲ್ಲಿ ನೆರಳು ಎಲ್ಲಿ ಕೂರುತ್ತದೆ, ಇಂಥವು. "ಜನ ಏನಂದ್ಕೋತಾರೆ, ಸ್ವಲ್ಪ ಆ ಕಡೆ ತಿರುಗಿ" ಎಂದು ನನ್ನ ಹೆಂಡತಿ ಮೊಣಕೈಯಲ್ಲಿ ತಿವಿಯುತ್ತಾಳೆ. ನನ್ನ ಸಮರ್ಥನೆ ಸರಳವಾದದ್ದು. ರೈಲಿಗೆ ಕಾಯುವವರೆಲ್ಲ ಹಳಿಯ ಕಡೆ ಮುಖ ಮಾಡಿರುತ್ತಾರೆ. ಹಿಂದೆ ನಿಂತು ನೋಡುವವನ ಪಾಲಿಗೆ ಬರುವುದು ಬೆನ್ನು ಮಾತ್ರ.

ನಾನು ಬಣ್ಣ ಹಚ್ಚುವ ಜನರೂ ರೈಲಿಗೆ ಕಾಯುವವರೇ. ಎತ್ತರ ಹೆಬ್ಬೆರಳಿನ ಉಗುರಿಗಿಂತ ಒಂದು ಚೂರು ಹೆಚ್ಚು. ಅವರು ನಿಂತಿರುವ ಸ್ಟೇಷನ್ನು ಫ್ರೇಜರ್ ಟೌನಿನ ಒಂದು ಮನೆಯ ಮಹಡಿ ಕೋಣೆಯಲ್ಲಿ, ಮರದ ಮೇಜಿನ ಮೇಲೆ ಇದೆ. ಆ ಮನೆ ಅನ್ವರ್ ಪಾಷಾ ಅವರದು. ಶಿವಾಜಿನಗರದಲ್ಲಿ ಬ್ಯಾಗು ಹೊಲಿಯುವವರಿಗೆ ಜಿಪ್ಪು, ಬಕ್ಕಲ್ಲು, ಪಟ್ಟಿ ಮಾರುವ ಅಂಗಡಿ ಅವರದು. ಊಟದ ಹೊತ್ತಿನವರೆಗೆ ಅಂಗಡಿ, ಆಮೇಲೆ ರೈಲು. ಆಟಿಕೆ ರೈಲು ಎಂದರೆ ಅವರಿಗೆ ಬೇಸರ. ಮಾದರಿ ರೈಲು ಎನ್ನಬೇಕು.

ನಮ್ಮ ಪರಿಚಯವಾದದ್ದು ಬಾಣಸವಾಡಿ ಸ್ಟೇಷನ್ನಿನಲ್ಲಿ. ಒಂದು ಉದ್ದನೆಯ ಗೂಡ್ಸ್ ಗಾಡಿ ನಿಧಾನವಾಗಿ ಹಾದುಹೋಯಿತು. ಮಿಕ್ಕವರು ಅದು ಯಾವಾಗ ಮುಗಿಯುತ್ತದೋ ಎಂದು ಫೋನು ನೋಡತೊಡಗಿದರು. ಕೊನೆಯ ಡಬ್ಬಿ ಕಣ್ಮರೆಯಾಗುವವರೆಗೂ ನೋಡಿದವರು ನಾವಿಬ್ಬರೇ. ಅಂಥ ಇಬ್ಬರು ಒಬ್ಬರನ್ನೊಬ್ಬರು ಗುರುತು ಹಿಡಿಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಮುಂದಿನ ವಾರ ನಾನು ಅವರ ಮಹಡಿಯಲ್ಲಿದ್ದೆ.

ಸ್ಟೇಷನ್ನು ನೋಡಿ ನಾನು ಬೆರಗಾದದ್ದು ನಿಜ. ಕಲ್ಲಿನ ಕಟ್ಟಡ, ಹೆಂಚಿನ ಸೂರು, ನೀರಿನ ಟ್ಯಾಂಕು, ಕೈಮರದ ಸಿಗ್ನಲ್ಲು, ಎಲ್ಲ ತಕ್ಕ ಅಳತೆಯಲ್ಲಿದ್ದವು. ಆದರೆ ಒಬ್ಬ ಮನುಷ್ಯನೂ ಇರಲಿಲ್ಲ. ಕೇಳಿದ್ದಕ್ಕೆ ಪಾಷಾ ಭಾಯಿ, "ರೈಲು ಲೇಟ್ ಆಗೋದೇ ಜನರಿಂದ ಮೂರ್ತಿ ಸಾಬ್" ಎಂದರು. ಅವರ ಭಾವಮೈದುನ ಒಮ್ಮೆ ಬಂದು ನೋಡಿ, "ಏನ್ ಭಾಯ್, ಈ ಊರಲ್ಲಿ ಕರ್ಫ್ಯೂ ಹಾಕವ್ರಾ?" ಎಂದು ಕೇಳದೇ ಹೋಗಿದ್ದರೆ ಆ ಊರು ನಿರ್ಜನವಾಗಿಯೇ ಉಳಿಯುತ್ತಿತ್ತು. ಆ ಮಾತು ಭಾಯಿಗೆ ನಾಟಿತು. ಒಲ್ಲದ ಮನಸ್ಸಿನಿಂದ ಒಂದು ಪೊಟ್ಟಣ ಜನರನ್ನು ತರಿಸಿದರು. ಬಣ್ಣವಿಲ್ಲದ ಬಿಳಿ ಪ್ಲಾಸ್ಟಿಕ್ಕಿನ ಜನ. ಪೊಟ್ಟಣವನ್ನು ನನ್ನ ಕೈಗಿಟ್ಟು, "ಫ್ಯಾಕ್ಟರಿಲಿ ನೀವು ಡ್ರಾಯಿಂಗ್ ಮಾಡ್ತಿದ್ರಲ್ಲ, ನೀವೇ ನೋಡ್ಕೊಳ್ಳಿ" ಎಂದರು. ನಾನು ಅಲ್ಲಿ ಬರೆಯುತ್ತಿದ್ದದ್ದು ಯಂತ್ರದ ಬಿಡಿಭಾಗಗಳ ನಕ್ಷೆ. ಅದಕ್ಕೂ ಮನುಷ್ಯರಿಗೂ ಏನು ಸಂಬಂಧ ಎಂದು ಕೇಳುವ ಬುದ್ಧಿ ಆಗ ನನಗೆ ಹೊಳೆಯಲಿಲ್ಲ.

ಮನೆಗೆ ತಂದು ಭೂತಗನ್ನಡಿಯಲ್ಲಿ ನೋಡಿದೆ. ಎಲ್ಲರೂ ಚಳಿ ದೇಶದವರು. ಉದ್ದ ಕೋಟು, ತಲೆಗೆ ಟೋಪಿ, ಒಂದು ಕೈ ಜೇಬಿನಲ್ಲಿ. ಅವರನ್ನು ಮೊದಲು ನಮ್ಮ ಕಡೆಯವರನ್ನಾಗಿ ಮಾಡಬೇಕಿತ್ತು. ಬ್ಲೇಡಿನಿಂದ ಟೋಪಿ ಹೆರೆದರೆ ತಲೆಯಾಯಿತು. ಕೋಟಿನ ಕಾಲರು ಕೆತ್ತಿದರೆ ಜುಬ್ಬಾ ಆಯಿತು. ಸೀರೆಗೆ ತೆಳು ಟಿಶ್ಯೂ ಕಾಗದದ ಎಳೆಯನ್ನು ನೀರು ಬೆರೆಸಿದ ಅಂಟಿನಲ್ಲಿ ಅದ್ದಿ, ಚಿಮಟದಿಂದ ಹಿಡಿದು ಸುತ್ತಬೇಕು. ಸುತ್ತುತ್ತ ಸುತ್ತುತ್ತ ಸೆರಗು ಯಾವ ಭುಜದ ಮೇಲೆ ಬರುತ್ತದೆಂದು ಅನುಮಾನ ಬಂದು ಅಡಿಗೆಮನೆಗೆ ಕೂಗಿ ಕೇಳಿದೆ. "ಎಡಗಡೆ ರೀ. ಇಷ್ಟ್ ವರ್ಷ ಏನ್ ನೋಡ್ತಿದ್ರಿ?" ಎಂದು ಉತ್ತರ ಬಂತು. ಬುರ್ಖಾ ಸುಲಭ, ಕಪ್ಪು ಬಳಿದರಾಯಿತು ಅಂದುಕೊಂಡಿದ್ದೆ. ಬಳಿದು ನೋಡಿದರೆ ಚದುರಂಗದ ಕಾಯಿಯಾಗಿತ್ತು. ಕಪ್ಪು ಬಟ್ಟೆಯಲ್ಲೂ ಬೆಳಕು ಬೀಳುವ ಜಾಗ ಬೂದು, ಮೊಣಕೈ ಬಳಿ ಕಂದು. ಇದು ಗೊತ್ತಾಗಲು ನಾನು ಒಂದು ಮಧ್ಯಾಹ್ನ ರಸೆಲ್ ಮಾರ್ಕೆಟ್ಟಿನ ಮುಂದೆ ಕಿತ್ತಳೆ ಹಣ್ಣಿನ ಚೌಕಾಸಿ ಮಾಡುವವನಂತೆ ನಿಂತು ನೋಡಬೇಕಾಯಿತು. ಕೊನೆಗೆ ಹಣ್ಣನ್ನೂ ಕೊಂಡು ಬಂದೆ.

ನಮ್ಮ ಶಿಲ್ಪಶಾಸ್ತ್ರದಲ್ಲಿ ತಾಲಮಾನ ಎಂಬ ಲೆಕ್ಕವಿದೆ. ಮುಖದ ಉದ್ದ ಒಂದು ತಾಲ. ದೊಡ್ಡ ದೇವರುಗಳಿಗೆ ಹತ್ತು ತಾಲದ ಎತ್ತರ, ಮನುಷ್ಯರಿಗೆ ಎಂಟು, ಗಣಪತಿಗೆ ಐದು. ನನ್ನ ಪೊಟ್ಟಣದವರನ್ನು ಅಳೆದಾಗ ಹೆಚ್ಚುಕಡಿಮೆ ಎಂಟರ ಹತ್ತಿರ ಬಂದರು. ಪರದೇಶದವರಾದರೂ ಶಾಸ್ತ್ರ ಮೀರಿದವರಲ್ಲ ಎಂದು ಸಮಾಧಾನವಾಯಿತು. ಅದೇ ಶಾಸ್ತ್ರದವರು ವಿಗ್ರಹದ ಕಣ್ಣು ತೆರೆಯುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಕಣ್ಣು ಬಿಡಿಸಿದ ಮೇಲೇ ಮೂರ್ತಿಗೆ ಜೀವ. ಹೆಸರಿನಲ್ಲೇ ಮೂರ್ತಿಯಾದ ನಾನೂ ಶ್ರದ್ಧೆಯಿಂದ, ಉಸಿರು ಬಿಗಿಹಿಡಿದು, ಕುಂಚದ ಒಂದೇ ಕೂದಲಿನಿಂದ ಎಲ್ಲರಿಗೂ ಕಣ್ಣಿಟ್ಟೆ. ಮರುದಿನ ನೋಡಿದರೆ ಇಡೀ ಊರಿನವರು ಒಟ್ಟಿಗೆ ದೆವ್ವ ನೋಡಿದಂತಿದ್ದರು. ಈ ಅಳತೆಯ ಮನುಷ್ಯರಿಗೆ ಕಣ್ಣು ಬರೆಯಬಾರದು. ಹುಬ್ಬಿನ ಕೆಳಗೆ ನೀರಾದ ಕಂದು ಬಣ್ಣ ತಾನಾಗಿ ಇಳಿದು ನೆರಳಾದರೆ ಸಾಕು, ನೋಡುವವರು ಕಣ್ಣಿದೆ ಎಂದುಕೊಳ್ಳುತ್ತಾರೆ. ಎಲ್ಲರ ಕಣ್ಣನ್ನೂ ಮತ್ತೆ ಮುಚ್ಚಿದೆ.

ಜನ ತಯಾರಾಗಿ ಸ್ಟೇಷನ್ನಿಗೆ ಬಂದರು. ಕೈಯಲ್ಲಿ ತಗಡಿನ ಟ್ರಂಕು ಹಿಡಿದ ಕೆಂಪು ಸೀರೆಯ ಹೆಂಗಸು, ಕೋಲು ಹಿಡಿದ ಮುದುಕ, ಬುರ್ಖಾ ಹಾಕಿದ ತಾಯಿ, ಆಕೆಯಿಂದ ಸ್ವಲ್ಪ ದೂರದಲ್ಲಿ ಹಳಿಯ ಕಡೆ ಬಗ್ಗಿ ನೋಡುವ ಮಗು, ಇನ್ನೂ ಹಲವರು. ಧೂಳು ಒರೆಸುವಾಗ ಎತ್ತಲು ಅನುಕೂಲವಾಗಲಿ ಎಂದು ಅಂಟು ಹಾಕದೆ, ಪಾದದಡಿ ಚಿಟಿಕೆ ಮೇಣವಿಟ್ಟು ನಿಲ್ಲಿಸಿದೆ. ಪಾಷಾ ಭಾಯಿ ಸ್ಕೇಲು ತಂದು ಯಾರೂ ಬೋಗಿಗೆ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ಹೊಗಳಿಕೆ.

ಕೆಲವು ದಿನ ಕಳೆದು ಹೋದಾಗ ಕೆಂಪು ಸೀರೆಯ ಹೆಂಗಸು ನಾನಿಟ್ಟ ಜಾಗದಲ್ಲಿರಲಿಲ್ಲ. ಪ್ಲಾಟ್‌ಫಾರ್ಮಿನ ತುದಿಯಿಂದ ಸೂರಿನ ಕಂಬದ ಬಳಿ ಬಂದಿದ್ದಳು. ಮಗು ತಾಯಿಯ ಮಗ್ಗುಲಿಗೆ ಹೋಗಿತ್ತು. ನಾನು ಅವರನ್ನು ಮತ್ತೆ ಮೊದಲಿದ್ದಲ್ಲೇ ಇಟ್ಟೆ. ಮುಂದಿನ ಸಲ ಮತ್ತೆ ಅವರು ಸರಿದಿದ್ದರು, ಜೊತೆಗೆ ಮುದುಕನೂ ಕಂಬದ ಹತ್ತಿರ ಬಂದಿದ್ದ. ಹಳಿಯ ಅಂಚು ಖಾಲಿಯಾಗಲಿ ಎಂದು ಭಾಯಿಯೇ ಜನರನ್ನು ಹಿಂದೆ ತಳ್ಳುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದೆ. ದಿನಕ್ಕೊಂದು ಕಡೆ ಜನರನ್ನು ಇಟ್ಟು ನಾನು ತಮ್ಮ ಅಳತೆ ಕೆಡಿಸುತ್ತಿದ್ದೇನೆ ಎಂದು ಅವರು ತೀರ್ಮಾನಿಸಿದ್ದರು.

"ಒಂದ್ಸಲ ಜಾಗ ಒಪ್ಕೊಂಡ್ಮೇಲೆ ಬದಲಾಯಿಸಬಾರ್ದು" ಎಂದರು ಅವರು.

"ಅದನ್ನೇ ನಾನೂ ಹೇಳೋಣ ಅಂತಿದ್ದೆ" ಎಂದೆ.

"ನಾನ್ಯಾಕೆ ಮುಟ್ಟಲಿ ನಿಮ್ಮ ಜನಾನ?"

"ಮತ್ತೆ ತಾವಾಗೇ ನಡ್ಕೊಂಡು ಹೋದ್ರಾ?"

ನಮ್ಮ ವಯಸ್ಸಿನವರ ಜಗಳದಲ್ಲಿ ದನಿ ಏರುವುದಿಲ್ಲ, ಮರ್ಯಾದೆ ಏರುತ್ತದೆ. "ಆಯ್ತು ಬಿಡಿ ಸರ್" ಎಂದು ಪಾಷಾ ಭಾಯಿ ದೀಪ ಆರಿಸಿದರು. ಅಲ್ಲಿಯವರೆಗೆ ಮೂರ್ತಿ ಸಾಬ್ ಆಗಿದ್ದವನು ಸರ್ ಆದೆ. ಮೆಟ್ಟಿಲಿಳಿಯುವಾಗಲೇ ವಿಷಯ ಕೆಟ್ಟಿದೆ ಎಂದು ಗೊತ್ತಾಯಿತು.

ಆಮೇಲೆ ನಾನು ಆ ಕಡೆ ಹೋಗಲಿಲ್ಲ. ಅವರೂ ಫೋನು ಮಾಡಲಿಲ್ಲ. ಸಂಜೆಗಳು ಖಾಲಿ ಉಳಿದವು. ಹಲಸೂರು ಕೆರೆಯ ಸುತ್ತ ನಡೆಯತೊಡಗಿದೆ. ಇದರಿಂದ ಸಂತೋಷವಾದದ್ದು ನನ್ನ ವೈದ್ಯರಿಗೆ ಮಾತ್ರ. ಗೂಡ್ಸ್ ಗಾಡಿಯ ಕೊಂಡಿಗಳ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲ ಇನ್ನೊಬ್ಬ ಮನುಷ್ಯ ಈ ಊರಿನಲ್ಲಿ ನನಗೆ ಗೊತ್ತಿರಲಿಲ್ಲ. ಒಮ್ಮೆ ಬಾಣಸವಾಡಿಗೆ ಹೋಗಿ ಒಬ್ಬನೇ ಒಂದು ಗಾಡಿ ನೋಡಿದೆ. ಅರ್ಧದಲ್ಲಿ ನಾನೂ ಫೋನು ತೆಗೆದೆ.

ಕೊನೆಗೆ ನನ್ನ ಜನರನ್ನು ವಾಪಸು ತಂದುಬಿಡೋಣವೆಂದು ನಿಶ್ಚಯಿಸಿ, ಭಾಯಿ ಅಂಗಡಿಯಲ್ಲಿರುವ ಹೊತ್ತು ನೋಡಿಕೊಂಡು ಹೋದೆ. ಬಾಗಿಲು ತೆರೆದವರು ಅವರ ಹೆಂಡತಿ ಶಮೀಮ್. ಉರ್ದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ಕಾರಣ ಕೇಳದೆ ಮೇಲೆ ಕರೆದೊಯ್ದರು. ನಾನು ಹತ್ತಿ ಹಾಸಿದ ಡಬ್ಬಿ ತೆರೆದು, ಚಿಮಟದಿಂದ ಒಬ್ಬೊಬ್ಬರನ್ನೇ ಎತ್ತಿ ಮಲಗಿಸತೊಡಗಿದೆ. ಅವರು ಬಾಗಿಲಿಗೆ ಒರಗಿ ನೋಡುತ್ತಿದ್ದರು.

"ಎಲ್ಲಾರ್ನೂ ಕರ್ಕೊಂಡು ಹೋಗ್ತೀರಾ?" ಎಂದರು.

ಕನ್ನಡದಲ್ಲಿ ವಸ್ತುವನ್ನು ತೆಗೆದುಕೊಂಡು ಹೋಗುತ್ತೇವೆ, ಮನುಷ್ಯರನ್ನು ಕರೆದುಕೊಂಡು ಹೋಗುತ್ತೇವೆ. ಕನ್ನಡ ಅವರ ಮನೆಮಾತಲ್ಲವಾದ್ದರಿಂದ ಮಾತು ತಪ್ಪಿದೆ ಅಂದುಕೊಂಡೆ. ತಪ್ಪಿರಲಿಲ್ಲ.

"ಆ ಕೆಂಪು ಸೀರೆ ಅಮ್ಮನ್ನ ಬಿಟ್ಟು ಹೋಗಿ ಭಾಯ್‌ಸಾಬ್. ಈಗ ತಾನೇ ನೆರಳಿಗೆ ಬಂದವ್ರೆ."

ಚಿಮಟ ಹಿಡಿದ ಕೈ ಅಲ್ಲೇ ನಿಂತಿತು. "ಇವರನ್ನ ಸರಿಸ್ತಿದ್ದಿದ್ದು ನೀವಾ ಭಾಭಿ?"

"ಮತ್ತೆ? ಮಧ್ಯಾಹ್ನ ಆ ಕಿಟಕಿ ಬಿಸಿಲು ಸೀದಾ ಅವರ ಮೇಲೇ ಬೀಳತ್ತೆ. ಕೈಯಲ್ಲಿ ಟ್ರಂಕ್ ಬೇರೆ. ಬೆಳಿಗ್ಗೆ ಧೂಳು ಹೊಡೆಯೋಕೆ ಬಂದಾಗೆಲ್ಲ ನೋಡ್ತೀನಿ, ಅಲ್ಲೇ ನಿಂತಿರ್ತಾರೆ. ಆ ಮಗೂನ ನೀವು ಗಾಡಿ ಬರೋ ಅಂಚಲ್ಲಿ ನಿಲ್ಸಿದೀರ. ನಮ್ ಸ್ಕೂಲಲ್ಲಿ ಹಂಗ್ ಬಿಟ್ಟಿದ್ರೆ ನನ್ ಕೆಲಸ ಹೋಗ್ತಿತ್ತು."

"ಪಾಷಾ ಭಾಯಿಗೆ ಹೇಳಲಿಲ್ವಾ?"

"ಅವರು ಕೇಳಲಿಲ್ಲ. ನೀವು ಬರ್ತಿಲ್ಲ ಅಂತ ಮುಖ ಊದಿಸ್ಕೊಂಡು ಕೂತವ್ರೆ. ಯಾಕೆ ಬರ್ತಿಲ್ಲ ಅಂದ್ರೆ ಅದೂ ಹೇಳಲ್ಲ."

ಚಹಾ ಕುಡಿಯದೆ ಹೊರಡಬಾರದೆಂದರು. ಚಹಾ ಮುಗಿಯುವಷ್ಟರಲ್ಲಿ ಭಾಯಿ ಊಟಕ್ಕೆ ಬಂದರು. ಬಾಗಿಲಲ್ಲಿ ನನ್ನ ಚಪ್ಪಲಿ ನೋಡಿದ್ದರಿಂದ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಶಮೀಮ್ ಭಾಭಿ ಪೀಠಿಕೆಯಿಲ್ಲದೆ, "ಸುನೋ ಜೀ, ಅವರನ್ನ ಸರಿಸಿದ್ದು ನಾನು" ಎಂದರು. ಭಾಯಿ ಹೆಂಡತಿಯನ್ನು ನೋಡಿದರು, ಡಬ್ಬಿಯಲ್ಲಿ ಸಾಲಾಗಿ ಮಲಗಿದ್ದವರನ್ನು ನೋಡಿದರು, ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. ಕ್ಷಮೆ ಕೇಳುವುದು ಭಾಯಿಗೂ ನನಗೂ ಬರುವುದಿಲ್ಲವಾದ್ದರಿಂದ, ನಾನು ಡಬ್ಬಿಯವರನ್ನು ಒಬ್ಬೊಬ್ಬರಾಗಿ ಮತ್ತೆ ಪ್ಲಾಟ್‌ಫಾರ್ಮಿಗೆ ಇಳಿಸತೊಡಗಿದೆ. ಭಾಯಿ ಮೇಣದ ಉಂಡೆ ಮಾಡಿಕೊಟ್ಟರು. ಈ ಸಲ ಯಾರು ಎಲ್ಲಿ ನಿಲ್ಲಬೇಕೆಂದು ಹೇಳಿದವರು ಭಾಭಿ.

ಎಲ್ಲ ನಿಂತ ಮೇಲೆ ಭಾಭಿ ತಮ್ಮ ಮುಖ್ಯ ದೂರನ್ನು ತೆಗೆದರು.

"ನಿಮ್ ಗಾಡಿ ಇಲ್ಲಿ ನಿಲ್ಲೋದೇ ಇಲ್ಲವಲ್ಲ."

"ಅದು ಎಕ್ಸ್‌ಪ್ರೆಸ್ಸು. ಇಂಥ ಸಣ್ಣ ಸ್ಟೇಷನ್ನಲ್ಲಿ ನಿಲ್ಲಲ್ಲ" ಎಂದರು ಭಾಯಿ, ಪಾಠ ಹೇಳುವವರಂತೆ.

"ಮತ್ತೆ ಇಷ್ಟು ಜನಾನ ಯಾಕೆ ನಿಲ್ಸಿದೀರ?"

ಭಾಯಿ ನನ್ನ ಕಡೆ ನೋಡಿದರು. ನಾನು ಸಿಗ್ನಲ್ಲಿನ ಕಡೆ ನೋಡಿದೆ. ಈ ಜನ ಎಲ್ಲಿ ನಿಲ್ಲಬೇಕೆಂದು ಅಷ್ಟು ದಿನ ತಲೆಕೆಡಿಸಿಕೊಂಡ ನಮಗಿಬ್ಬರಿಗೂ, ರೈಲು ನಿಲ್ಲುತ್ತದೆಯೇ ಎಂಬುದು ಹೊಳೆದಿರಲಿಲ್ಲ.

ಭಾಯಿ ಎದ್ದು ಬೀರುವಿನಿಂದ ಹಳೆಯ ಪ್ಯಾಸೆಂಜರ್ ಬೋಗಿಗಳನ್ನು ತೆಗೆದು ಹಳಿಗೆ ಏರಿಸಿದರು. ವೇಗದ ಗುಂಡಿಯನ್ನು ಹಿಂದಕ್ಕೆ ತಿರುಗಿಸುತ್ತ ಬಂದು, ಗಾಡಿಯನ್ನು ಸೂರಿನ ನೇರಕ್ಕೆ ನಿಲ್ಲಿಸಿದರು. ಎಷ್ಟೋ ವರ್ಷಗಳಲ್ಲಿ ಆ ಸ್ಟೇಷನ್ನಿನಲ್ಲಿ ನಿಂತ ಮೊದಲ ಗಾಡಿ ಅದು. ಸ್ವಲ್ಪ ತಡೆದು ಮತ್ತೆ ಗುಂಡಿಗೆ ಕೈ ಹಾಕಿದರು.

"ಇರಿ. ಅಜ್ಜ ಇನ್ನೂ ಹತ್ತಿಲ್ಲ" ಎಂದರು ಭಾಭಿ.

ಭಾಯಿ ಕೈ ಹಿಂದೆ ತೆಗೆದುಕೊಂಡರು. ನಾವು ಮೂವರೂ ಕಾದೆವು. ಅಜ್ಜ ನಿಧಾನಸ್ಥ. ಆಮೇಲೆ ಭಾಭಿ ತಲೆಯಾಡಿಸಿದರು, ಗಾಡಿ ಹೊರಟಿತು.

ಹೋದ ಮೇಲೆ ನೋಡಿದರೆ ಅಜ್ಜನೂ ಸೇರಿ ಎಲ್ಲರೂ ಅಲ್ಲೇ ಇದ್ದರು. ಇದು ಗೊತ್ತಿದ್ದ ವಿಷಯವೇ. ಆದರೂ ಮೂವರಿಗೂ ಸ್ವಲ್ಪ ಮುಜುಗರವಾಯಿತು. "ಯಾರೂ ಹತ್ತಲೇ ಇಲ್ಲವಲ್ಲ" ಎಂದು ಭಾಯಿ ಗೊಣಗಿದರು.

"ಹತ್ತೋದು ಬಿಡೋದು ಅವರಿಷ್ಟ. ನಿಲ್ಸೋದು ನಿಮ್ ಕೆಲಸ" ಎಂದು ಭಾಭಿ ಚಹಾದ ಲೋಟಗಳನ್ನು ಎತ್ತಿಕೊಂಡು ಕೆಳಗಿಳಿದರು.

ಅಂದಿನಿಂದ ಆ ಊರಿನಲ್ಲಿ ಎಲ್ಲ ಗಾಡಿಗಳೂ ನಿಲ್ಲುತ್ತವೆ. ಎಕ್ಸ್‌ಪ್ರೆಸ್ಸೂ ನಿಲ್ಲುತ್ತದೆ. ಹೀಗಾಗಿ ಯಾವುದೂ ಹೊತ್ತಿಗೆ ಸರಿಯಾಗಿ ಹೊರಡುವುದಿಲ್ಲ. ಭಾಯಿ ಅದರ ಬಗ್ಗೆ ಮಾತಾಡುವುದನ್ನು ಬಿಟ್ಟಿದ್ದಾರೆ. ನಾನು ಬೆಂಚಿನ ಮೇಲೆ ಕೂರುವವರನ್ನು ಮಾಡುತ್ತಿದ್ದೇನೆ, ಅದು ಭಾಭಿಯ ಅಪ್ಪಣೆ. ನಿಂತವರನ್ನು ಕೂರಿಸಬೇಕಾದರೆ ಸೊಂಟ ಮತ್ತು ಮೊಣಕಾಲಿನಲ್ಲಿ ಕತ್ತರಿಸಿ ಬಗ್ಗಿಸಬೇಕು. ನನ್ನ ಸ್ವಂತ ಮೊಣಕಾಲಿನ ಅನುಭವ ಇಲ್ಲಿ ಉಪಯೋಗಕ್ಕೆ ಬಂದಿದೆ.

ಮೊನ್ನೆ ಹೋದಾಗ, ಕೆಂಪು ಸೀರೆಯ ಬಣ್ಣ ಒಂದು ಕಡೆ ಸುಲಿದಿದ್ದಕ್ಕೆ ತೇಪೆ ಹಾಕುತ್ತ, ಸುಮ್ಮನೆ ಬಾಯಿಗೆ ಬಂದದ್ದನ್ನು ಕೇಳಿದೆ. "ಈಯಮ್ಮ ಎಲ್ಲಿಗೆ ಹೊರಟಿರಬಹುದು ಭಾಯಿ?"

ಪಾಷಾ ಭಾಯಿ ಹಳಿಯಿಂದ ಕಣ್ಣು ತೆಗೆಯಲಿಲ್ಲ. "ನಿಮ್ಮಲ್ಲೇ ಹೇಳ್ತಾರಲ್ಲ ಮೂರ್ತಿ ಸಾಬ್, ಹೊರಟವರನ್ನ ಎಲ್ಲಿಗೆ ಅಂತ ಕೇಳ್ಬಾರ್ದು ಅಂತ."

ಹೌದಲ್ಲ. ನನ್ನ ಅಜ್ಜಿ ಇದ್ದಿದ್ದರೆ ತಲೆಗೊಂದು ಮೊಟಕುತ್ತಿದ್ದಳು. ತಿದ್ದಿಕೊಂಡೆ. "ಸರಿ, ದೂರ ಹೊರಟಿರಬಹುದಾ?"

"ದೂರಾನೇ ಇರ್ಬೇಕು. ಟ್ರಂಕ್ ಇದೆಯಲ್ಲ" ಎಂದು, ಆಕೆಯ ಮುಂದೆ ಬೋಗಿಯ ಬಾಗಿಲು ಬರುವಂತೆ ಗಾಡಿಯನ್ನು ನಿಲ್ಲಿಸಿದರು.