ಎಂಟು ಪೆಟ್ಟಿಗೆ, ಎಂಟು ದನಿ

ಸಿಂದಗಿಯಲ್ಲಿ ಓಲೆ ಹಾಕಿಕೊಳ್ಳುವ ಕಿವಿಗಳು ಬೇಕಾದಷ್ಟಿವೆ, ಕೇಳುವ ಕಿವಿಗಳು ಮಾತ್ರ ಇಲ್ಲ ಎಂಬುದು ರಾಜಬಿಯ ಖಚಿತ ಅಭಿಪ್ರಾಯ. ಮೂವತ್ತು ವರ್ಷ ಮೈಕ್‌ಸೆಟ್ ಅಂಗಡಿಯಲ್ಲಿ ಕುಳಿತವಳಿಗೆ ಈ ಅಭಿಪ್ರಾಯ ಬರದಿದ್ದರೇ ಆಶ್ಚರ್ಯ. ಮದುವೆಗೆ ಸೆಟ್ ಗೊತ್ತುಮಾಡಲು ಬಂದವರು ಮೊದಲು ಕೇಳುವುದು ಪೆಟ್ಟಿಗೆ ಎಷ್ಟು ಎತ್ತರ ಐತಿ ಅಂತ. ಆಮೇಲೆ ಕೇಳುವುದು ಅದರಲ್ಲಿ ಲೈಟು ಹತ್ತುತ್ತಾವೋ ಇಲ್ಲವೋ ಅಂತ. ದನಿ ಹೇಗಿದೆ ಎಂದು ಕೇಳಿದ ಒಬ್ಬ ಪುಣ್ಯಾತ್ಮನನ್ನೂ ಆಕೆ ನೋಡಿಲ್ಲ.

"ಎದಿ ನಡುಗಬೇಕಂತ ಇವಕ್ಕ. ಎದಿ ನಡುಗಾಕ ಮೈಕ್ ಯಾಕ ಬೇಕು, ಬೀಗರ ಮಾರಿ ನೋಡಿದ್ರ ಸಾಲ್ದೇನು?" ಎಂದು ಗಿರಾಕಿ ಬೆನ್ನು ತಿರುಗಿಸಿದ ಕೂಡಲೇ ಬೈಯುತ್ತಿದ್ದಳು. ಕೆಲವೊಮ್ಮೆ ಬೆನ್ನು ತಿರುಗಿಸುವವರೆಗೂ ಕಾಯುತ್ತಿರಲಿಲ್ಲ.

ಅಂಗಡಿ ಶುರುಮಾಡಿದವನು ಗಂಡ ದಸ್ತಗೀರಸಾಬ. ಮದುವೆಯಾಗಿ ಬಂದ ಹೊಸದರಲ್ಲಿ ರಾಜಬಿಗೆ ಹರಿದ ಸ್ಪೀಕರಿನ ಕಾಗದದ ಕೋನಿಗೆ ಅಂಟು ಸವರುವ ಕೆಲಸವಿತ್ತು. ನಂತರ ಹಳೆಯ ಕೋನ್ ಕಿತ್ತು ಹೊಸದು ಕೂರಿಸಲು ಕಲಿತಳು. ಕೂದಲೆಳೆಯಂಥ ತಾಮ್ರದ ತಂತಿಯ ಕಾಯಿಲ್ ಸುತ್ತಲು ಕಲಿತಳು. ಹನ್ನೊಂದು ವರ್ಷದ ಹಿಂದೆ ಗಂಡ ತೀರಿಕೊಂಡಾಗ, ಹೆಂಗಸು ಮೈಕಿನಂಗಡಿ ನಡೆಸುವುದುಂಟೇ ಎಂದು ಬಂಧುಬಳಗ ಒಂದಾಗಿ ಬುದ್ಧಿ ಹೇಳಿತು. ಹೇಳಿದವರ ಮನೆಯ ಮದುವೆಗಳಿಗೆಲ್ಲ ಆಮೇಲೆ ಸೆಟ್ ಹೋದದ್ದು ಇವಳ ಅಂಗಡಿಯಿಂದಲೇ. ಸ್ಪೀಕರನ್ನು ಒಮ್ಮೆ ಕೇಳಿದರೆ ಸಾಕು, ಕೋನ್ ಎಲ್ಲಿ ಸೀಳಿದೆ, ಕಾಯಿಲ್ ಎಲ್ಲಿ ಉಜ್ಜುತ್ತಿದೆ ಎಂದು ಹೇಳುತ್ತಿದ್ದಳು. ದನಿ ಕೇಳಿ ಕೊಳ್ಳುವವನಿಗೆ ತಾನು ಎಂದೂ ಮೋಸ ಮಾಡಿಲ್ಲ ಎಂದು ಹೇಳಿಕೊಳ್ಳುತ್ತಿದ್ದಳು. ಕೇಳಿ ಕೊಳ್ಳುವವನು ಯಾವನೂ ಬಂದೇ ಇರಲಿಲ್ಲವಾದ್ದರಿಂದ ಈ ಮಾತು ಸುಳ್ಳೇನಲ್ಲ.

ಇಂಥವಳ ಅಂಗಡಿಗೆ ಹೋದ ಚಳಿಗಾಲದಲ್ಲಿ ಅನೀಲಕುಮಾರ ಬಂದ. ಶಹರದ ಯಾವುದೋ ಕಾಲೇಜಿನಲ್ಲಿ ಕಿವಿಯ ಬಗ್ಗೆ ಸಂಶೋಧನೆ ಮಾಡುವವನು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಒಂದು ಕಿವಿ ಮಂದವಾದವರನ್ನು ಸಿಂದಗಿಗೆ ಕರೆಸಿ ಪರೀಕ್ಷೆ ಮಾಡುವುದು ಅವನ ಯೋಜನೆ. ಖಾಲಿ ಗೋದಾಮೊಂದನ್ನು ಹಿಡಿದಿದ್ದ. ನಡುವೆ ಒಂದು ಕುರ್ಚಿ, ಸುತ್ತ ಎಂಟು ಸ್ಪೀಕರ್. ಕುಳಿತವರ ಕಣ್ಣಿಗೆ ಬಟ್ಟೆ ಕಟ್ಟಿ ಯಾವುದೋ ಒಂದು ಸ್ಪೀಕರಿನಿಂದ 'ಶ್' ಎಂದು ಸದ್ದು ಮಾಡಿಸುತ್ತಾರೆ. ಸದ್ದು ಯಾವ ಕಡೆಯಿಂದ ಬಂತೆಂದು ಬೆರಳು ಮಾಡಿ ತೋರಿಸಬೇಕು. ಅರ್ಧಕ್ಕಿಂತ ಹೆಚ್ಚು ತಪ್ಪಿದವರಿಗೆ ಮಂದವಾದ ಕಿವಿಗೆ ಹಾಕಿಕೊಳ್ಳುವ ಮಷೀನು ಪುಕ್ಕಟೆ.

"ಎಂಟೂ ಒಂದ ನಮೂನಿ ಇರಬೇಕ್ರಿ, ಅಮ್ಮಾರ," ಎಂದ ಅನೀಲಕುಮಾರ.

ಮಾತು ನೂರಕ್ಕೆ ನೂರು ಸರಿ. ರಾಜಬಿಗೆ ಒಂದು ಗಳಿಗೆ ಅವನ ಮೇಲೆ ಗೌರವವೇ ಮೂಡಿತು. ಅದು ಬಹಳ ಹೊತ್ತು ಉಳಿಯಲಿಲ್ಲ. ಪುಣ್ಯಾತ್ಮ ಜೇಬಿನಿಂದ ಟೇಪು ತೆಗೆದು ಪೆಟ್ಟಿಗೆಯ ಉದ್ದಗಲ ಅಳೆದ. ಮುಂದಿನ ಜಾಳಿಗೆಯ ಬಣ್ಣ ನೋಡಿದ. ಬೆರಳಿನಿಂದ ಕಟ್ಟಿಗೆ ಬಡಿದು ತಲೆದೂಗಿದ. ಫೋಟೋ ಹೊಡೆದುಕೊಂಡ. ಕರಿಯ ಬಣ್ಣದ್ದು ಶಿಸ್ತಾಗಿ ಕಾಣುತ್ತದೆ ಎಂದ. ಒಂದೇ ಒಂದು ಸ್ಪೀಕರನ್ನೂ ಹಚ್ಚಿ ಕೇಳಲಿಲ್ಲ. ಅವನ ಹತ್ತಿರ ದನಿ ಅಳೆಯುವ ಯಂತ್ರವೂ ಇತ್ತು. ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಬಿಚ್ಚಿರಲಿಲ್ಲ.

"ಹಚ್ಚಿ ತೋರಿಸ್ಲೇನ್ರಿ, ಸರ?" ಎಂದು ರಾಜಬಿ ಕೇಳಿದಳು.

"ಬ್ಯಾಡ್ರಿ, ಅದೆಲ್ಲಾ ಕಂಪ್ಯೂಟರಿನಾಗ ಸರಿಮಾಡ್ಕೋತೇವಿ."

ಅವನು ಅತ್ತ ಹೋದ ಮೇಲೆ ರಾಜಬಿ ನಕ್ಕ ನಗೆಗೆ ಪಕ್ಕದ ಸೈಕಲ್ ಅಂಗಡಿಯವನು ಎದ್ದು ಬಂದು ಇಣುಕಿದ. "ಎತ್ತು ಕೊಳ್ಳೋರು ಹಲ್ಲ ಹಿಡದ ನೋಡ್ತಾರ. ಇಂವ ಕೋಡಿಗೆ ಹಚ್ಚಿದ ಬಣ್ಣ ನೋಡಿ ಹೋದ. ಮ್ಯಾಲ ಇಂವ ಕಿವಿ ಪಂಡಿತ!" ಎಂದಳು.

ನಕ್ಕು ಅಷ್ಟಕ್ಕೇ ಬಿಟ್ಟಿದ್ದರೆ ಒಳ್ಳೆಯದಿತ್ತು. ಕೇಳದವನಿಗೆ ಒಳ್ಳೆಯ ಸ್ಪೀಕರ್ ಕೊಡುವುದು ಗಾಣದ ಎತ್ತಿಗೆ ಗೋಡಂಬಿ ತಿನ್ನಿಸಿದಂತೆ ಎಂದು ಅವಳಿಗೆ ಅನ್ನಿಸಿತು. ಅಟ್ಟದ ಮೇಲಿನಿಂದ ಹಳೆಯ ಸ್ಪೀಕರುಗಳನ್ನು ಇಳಿಸಿದಳು. ಮುಚ್ಚಿದ ಟಾಕೀಜಿನದೊಂದು, ಗುಜರಿಗೆ ಹೋದ ಬಸ್ಸಿನದೊಂದು, ಕಲ್ಯಾಣಮಂಟಪದ್ದೊಂದು, ಯಾರೋ ರಿಪೇರಿಗೆ ಕೊಟ್ಟು ಮರೆತದ್ದೊಂದು. ಹೀಗೆ ಎಂಟು ಮನೆಯ ಎಂಟು ಸ್ಪೀಕರುಗಳನ್ನು ಒಟ್ಟುಮಾಡಿ, ಒಂದೇ ಅಳತೆಯ ಎಂಟು ಹೊಸ ಪೆಟ್ಟಿಗೆಗಳಲ್ಲಿ ಕೂರಿಸಿ, ಮೇಲೆ ಕರಿಯ ಜಾಳಿಗೆ ಬಡಿದಳು. ಶಿಸ್ತಾಗಿಯೇ ಕಂಡವು. 'ಎಂಟೂ ಒಂದೇ ನಮೂನೆ' ಎಂದು ಅನೀಲಕುಮಾರ ಬರೆದು ತಂದ ಕಾಗದಕ್ಕೆ ಸರಸರನೆ ಸಹಿ ಮಾಡಿದಳು.

ರಾಜಬಿಗೆ ಒಬ್ಬಳೇ ಮಗಳು, ನಸ್ರೀನ. ವಯಸ್ಸು ಇಪ್ಪತ್ತಾರು. ಆಶಾ ಕಾರ್ಯಕರ್ತೆ, ದೇವಣಗಾಂವದ ಕಡೆಗೆ ದಿನವೂ ಸ್ಕೂಟಿಯ ಮೇಲೆ ಓಡಾಟ. ಚಿಕ್ಕಂದಿನಲ್ಲಿ ಸೋರಿ ಸೋರಿ ಅವಳ ಎಡಗಿವಿ ಮಂದವಾಗಿತ್ತು. ಬಲಗಿವಿ ಚುರುಕು, ಹಾಗಾಗಿ ಅದೊಂದು ಊನವೆಂದು ಮನೆಯಲ್ಲಿ ಯಾರೂ ಎಣಿಸಿರಲಿಲ್ಲ. ಆದರೆ ದೀಪಾವಳಿಯ ಮರುವಾರ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಎಡಗಡೆಯಿಂದ ಹಾರ್ನ್ ಹೊಡೆದರೆ, ಇವಳು ಸದ್ದು ಬಲಗಡೆಯದೆಂದು ತಿಳಿದು ಸ್ಕೂಟಿಯನ್ನು ಎಡಕ್ಕೇ ತಿರುಗಿಸಿದ್ದಳು. ಡ್ರೈವರ್ ಬ್ರೇಕ್ ಹಾಕಿದ, ಬದುಕಿದಳು. ಅಂದಿನಿಂದ ಮಗಳು ಮನೆಗೆ ಬರುವವರೆಗೆ ರಾಜಬಿಗೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಆ ಮಷೀನು ಕೊಳ್ಳುವುದು ಅವರ ಕೈಗೆ ಎಟುಕುವ ಮಾತಲ್ಲ. ಪುಕ್ಕಟೆ ಸಿಗುತ್ತದೆ ಎಂದದ್ದೇ ತಡ, ನಸ್ರೀನಳ ಹೆಸರು ಬರೆಸಿದ್ದು ರಾಜಬಿಯೇ.

ಪರೀಕ್ಷೆ ಮುಗಿಸಿ ಬಂದ ಮಗಳು ಚಹಾ ಕುಡಿಯುತ್ತ ಹೇಳಿದಳು: "ನಲವತ್ತಕ್ಕ ನಲವತ್ತು ಸರಿ ಅಂತ ಅಮ್ಮೀ. ಮಷೀನ ಬ್ಯಾಡ ಅಂದ್ರು."

"ಸರಿ ಹೆಂಗ ಬಂದಾವ? ನಿನಗ ಟ್ರ್ಯಾಕ್ಟರ್ ಎತ್ತಾಗ ಬಂತ ತಿಳೀಲಿಲ್ಲ, ಪೆಟಗಿ ತಿಳೀತನು?"

"ಎತ್ತಾಗ ಅಂತ ನನಗೇನ ಗೊತ್ತು? ಯಾವ ಪೆಟಗಿ ಅಂತ ಗೊತ್ತಾತು. ಮೊದಲ ಒಂದರಿಂದ ಎಂಟರತನಕ ಸಾಲಾಗಿ ಬಾರಿಸಿ ತೋರಿಸಿದ್ರು. ಟಾಕೀಜಿಂದು ಹಿಂದ ಇತ್ತು, ಅದು ಮೂಗಿನಾಗ ಮಾತಾಡ್ತೈತಲ್ಲಾ. ಬಸ್ಸಿಂದು ಎಡಕ್ಕ, ಅದು ಗೊರ್ ಅಂತೈತಿ. ಸಣ್ಣಾಕಿ ಇದ್ದಾಗಿಂದ ಕೇಳೇನಿ, ತಿಳ್ಯಾಂಗಿಲ್ಲೇನು?"

ರಾಜಬಿ ಕೈಯಲ್ಲಿದ್ದ ಚಹಾದ ಬಸಿ ಕೆಳಗಿಟ್ಟಳು.

"ನನಗೊಬ್ಬಾಕಿಗೇ ಅಲ್ಲ," ಎಂದು ನಸ್ರೀನ ಮುಂದುವರಿಸಿದಳು, "ಇಂಡಿಯಿಂದ ಬಂದಾರಲ್ಲ, ರಿಟೈರಾದ ಚನ್ನಬಸಯ್ಯ ಮಾಸ್ತರ, ಅವರಿಗೂ ಮೂರನೇ ಸಲಕ್ಕ ಎಲ್ಲಾ ಸರಿ ಬಂದ್ವಂತ. ರೂಢಿ ಆದ್ರ ಒಂದ ಕಿವಿ ಸಾಕು ಅಂತ ಆ ಸರ ಬರೀತಾರಂತ."

ಬರೆಯುತ್ತಾನೆ, ಯಾಕೆ ಬರೆಯುವುದಿಲ್ಲ! ಎಂಟು ದನಿಯ ಎಂಟು ಪೆಟ್ಟಿಗೆ ಇಟ್ಟುಕೊಂಡು ಕುಳಿತರೆ ಕತ್ತೆಗೂ ನಾಲ್ಕು ದಿನಕ್ಕೆ ಗುರುತು ಹತ್ತುತ್ತದೆ. ಆ ದಡ್ಡನಿಗೆ ಅದು ಹೊಳೆಯಲಿಲ್ಲ. ಆದರೆ ಈ ಸಲ ದಡ್ಡನನ್ನು ಬೈದು ಸಮಾಧಾನ ಪಟ್ಟುಕೊಳ್ಳುವ ದಾರಿ ರಾಜಬಿಗಿರಲಿಲ್ಲ. ಅವನು ಮೋಸ ಹೋದವನು, ಮಾಡಿದವಳು ತಾನು. ಮೋಸದ ಪೆಟ್ಟಿಗೆಗಳ ನಡುವೆ ಕುಳಿತೆದ್ದು ಬಂದದ್ದು ತನ್ನದೇ ಮಗಳು. ರಾಜಬಿಗೆ ತನ್ನ ಮೇಲೆಯೇ ಥೂ ಎನ್ನಿಸಿತು.

ಮರುದಿನ ಬೆಳಿಗ್ಗೆ ಮಗಳನ್ನೂ ಸ್ಕ್ರೂಡ್ರೈವರನ್ನೂ ಜೊತೆಗೆ ಕರೆದುಕೊಂಡು ಗೋದಾಮಿಗೆ ಹೋದಳು. ಹೊರಗಿನ ಬಾಕಿನ ಮೇಲೆ ಚನ್ನಬಸಯ್ಯ ಮಾಸ್ತರರು ತಮ್ಮ ಸರದಿಗೆ ಕಾದಿದ್ದರು. ಅವರ ಮಗಳ ಮದುವೆಗೆ ಸೆಟ್ ಕೊಟ್ಟವಳೂ ರಾಜಬಿಯೇ.

"ಸರ, ಪೆಟಗಿ ಎಂಟೂ ಬ್ಯಾರೆ ಬ್ಯಾರೆ ಅದಾವ. ನಿಮ್ಮ ಪರೀಕ್ಷಾ ಖೊಟ್ಟಿ ಐತಿ. ಮೊದಲಿಂದ ಮಾಡ್ರಿ," ಎಂದಳು ಅನೀಲಕುಮಾರನಿಗೆ.

ಅವನು ಕಡತ ತೆಗೆದು ಅವಳ ಸಹಿ ತೋರಿಸಿದ. "ನೀವ ಬರದ ಕೊಟ್ಟೀರಲ್ರಿ, ಅಮ್ಮಾರ. ಎಂಟೂ ಒಂದ ನಮೂನಿ ಅಂತ." ಮೂರು ತಿಂಗಳ ಕೆಲಸ ಅವನದು. ಸುಳ್ಳಿನ ಸಹಿ ಅವನಿಗೆ ಸತ್ಯಕ್ಕಿಂತ ಪ್ರಿಯವಾಗಿತ್ತು.

ರಾಜಬಿ ಬಾಗಿಲು ಪೂರ್ತಿ ತೆರೆದು ಮಾಸ್ತರರನ್ನೂ ಒಳಗೆ ಕರೆದಳು. ಒಂದೊಂದೇ ಪೆಟ್ಟಿಗೆಯನ್ನು ನೆಲಕ್ಕಿಳಿಸಿ, ಸ್ಕ್ರೂ ಬಿಚ್ಚಿ, ಒಳಗಿನ ಸ್ಪೀಕರುಗಳನ್ನು ಸಾಲಾಗಿ ಇಟ್ಟಳು. ಒಂದರ ಕೋನ್ ಕಂದು, ಇನ್ನೊಂದರದು ಬಿಳಿ, ಮತ್ತೊಂದಕ್ಕೆ ನಾಲ್ಕು ತೇಪೆ. ಒಂದಕ್ಕಂತೂ ಬಸ್ಸಿನ ನಂಬರಿನ ಬಣ್ಣ ಇನ್ನೂ ಮೆತ್ತಿಕೊಂಡಿತ್ತು.

ಚನ್ನಬಸಯ್ಯ ಮಾಸ್ತರರು ಬಗ್ಗಿ ನೋಡಿದರು. "ನಮ್ಮ ಮನಿ ಮದುವಿಗೂ ಇಂಥಾವ ಕೊಟ್ಟಿದ್ರೇನ್ರಿ, ರಾಜಬಿ?" ಎಂದು ಮೆಲ್ಲಗೆ ಕೇಳಿದರು.

"ಹೌದ್ರಿ ಮಾಸ್ತರ. ನೀವೂ ಕೇಳಿರಲಿಲ್ಲ," ಎಂದಳು. ಮಾತು ಹೊರಬಿದ್ದ ಮೇಲೆ ಅದರ ಉದ್ಧಟತನ ಅವಳಿಗೇ ಹೇಸಿಗೆ ತಂದಿತು.

ಅನೀಲಕುಮಾರನ ಮುಖ ಕೆಂಪಾಗಿತ್ತು. "ಯಾಕ ಹಿಂಗ ಮಾಡಿದ್ರಿ?"

"ನೀವು ಒಂದರೆ ಹಚ್ಚಿ ಕೇಳಿದ್ರೇನ್ರಿ? ಕೇಳದಾಂವಗ ಯಾವದಾದ್ರೇನು ಅಂದ್ಕೊಂಡೆ. ನಿಮ್ಮ ದಡ್ಡತನ ನೋಡಿ ನಗೂದರಾಗ ನನ್ನ ಮಗಳು ಈ ಕುರ್ಚಿ ಮ್ಯಾಲ ಕುಂಡ್ರಾಕಿ ಅದಾಳ ಅನ್ನೂದ ಮರತೆ. ಬೈರಿ ನನಗ, ಊರಿಗೆಲ್ಲಾ ಹೇಳ್ರಿ. ಪರೀಕ್ಷಾ ಮಾತ್ರ ಇನ್ನೊಮ್ಮೆ ಮಾಡ್ರಿ."

ನಸ್ರೀನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಊರನ್ನೆಲ್ಲ ಅಣಕಿಸುವ ತಾಯಿ ಹೀಗೆ ನೆಲದ ಮೇಲೆ ಕುಳಿತು ಬೇಡಿಕೊಂಡದ್ದನ್ನು ಅವಳು ಎಂದೂ ನೋಡಿರಲಿಲ್ಲ. ಮಾಸ್ತರರೇ ಕೊನೆಗೆ, "ಮತ್ತ ಮಾಡ್ರಿ, ಸರ. ನಾ ಇಂಡಿಯಿಂದ ಇನ್ನ ಹತ್ತ ಸಲ ಬರ್ತೇನಿ," ಎಂದರು. ಅನೀಲಕುಮಾರ ಕಡತದಿಂದ ಸಹಿಯ ಕಾಗದವನ್ನು ಕಿತ್ತು ಅವಳ ಕೈಗೆ ಕೊಟ್ಟ.

ಒಂಬತ್ತು ದಿನ ಅಂಗಡಿಗೆ ಬೇರೆ ಕೆಲಸವಿರಲಿಲ್ಲ. ಒಂದೇ ಕಟ್ಟಿನ ಕೋನ್, ಒಂದೇ ಸುರುಳಿಯ ತಂತಿ, ಅಳೆದು ಹಾಕಿದ ಅಂಟು. ಹನ್ನೆರಡು ಸ್ಪೀಕರ್ ಮಾಡಿ, ದನಿ ಕೂಡದ ನಾಲ್ಕನ್ನು ಬದಿಗಿಟ್ಟಳು. ಅನೀಲಕುಮಾರ ಈ ಸಲ ಯಂತ್ರದ ಪ್ಲಾಸ್ಟಿಕ್ ಬಿಚ್ಚಿ ತಂದ. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಕುಳಿತು ಎಂಟನ್ನೂ ಅಳೆದ, ಕಣ್ಣು ಮುಚ್ಚಿ ಕೇಳಿದ, ಅದಲುಬದಲು ಮಾಡಿ ಮತ್ತೆ ಕೇಳಿದ. ಯಾವುದು ಯಾವುದೆಂದು ಹೇಳಲು ಅವನಿಗಾಗಲಿಲ್ಲ. ರಾಜಬಿಗೂ ಆಗಲಿಲ್ಲ.

ನಸ್ರೀನಳ ಸರದಿ ಬಂದಾಗ ರಾಜಬಿ ಒಳಗೆ ಗೋಡೆಗೆ ಒರಗಿ ನಿಂತಳು. ಮಗಳ ಕಣ್ಣಿಗೆ ಬಟ್ಟೆ ಕಟ್ಟಿದರು. ಎಡಗಡೆಯ ಪೆಟ್ಟಿಗೆ 'ಶ್' ಎಂದಿತು. ನಸ್ರೀನ ಬಲಕ್ಕೆ ಬೆರಳು ಮಾಡಿದಳು. ಹಿಂದಿನದು ಸದ್ದು ಮಾಡಿತು, ಮತ್ತೆ ಬಲಕ್ಕೇ ತೋರಿಸಿದಳು. ಎಡಗಡೆಯದು ಮತ್ತೆ, ಅವಳ ಬೆರಳು ಬಲಕ್ಕೆ. ನಲವತ್ತರಲ್ಲಿ ಇಪ್ಪತ್ತೊಂಬತ್ತು ತಪ್ಪು. ಇದೇ ಬೇಕೆಂದು ರಾಜಬಿ ಒಂಬತ್ತು ದಿನ ದುಡಿದಿದ್ದಳು, ಮಷೀನು ಇನ್ನು ಸಿಕ್ಕ ಹಾಗೆಯೇ. ಆದರೆ ಖುಷಿಯಾಗಲಿಲ್ಲ. ಮಗಳು ತಡವರಿಸಿ ತಪ್ಪಬಹುದೆಂದು ತಿಳಿದಿದ್ದಳು. ಹುಡುಗಿ ತಡವರಿಸಲೇ ಇಲ್ಲ. ಸದ್ದು ಕೇಳಿದ ಕೂಡಲೇ ಬೆರಳು ನೇರವಾಗಿ, ಗಟ್ಟಿಯಾಗಿ, ತಪ್ಪು ದಿಕ್ಕಿಗೆ ಏಳುತ್ತಿತ್ತು.

ಬಟ್ಟೆ ಬಿಚ್ಚಿದ ಮೇಲೆ ನಸ್ರೀನ ನಗುತ್ತ ಬಂದಳು. "ಈ ಸಲನೂ ಬಾಳ ಸರಿ ಬಂದಿರಬೇಕು, ಅಲ್ಲೇನ ಅಮ್ಮೀ?"

ರಾಜಬಿ ಕೈ ಚಾಚಿ, "ಗಾಡಿ ಕೀಲಿ ಕೊಡು. ಮಷೀನ ಬರೂತನಕ ಬಸ್ಸಿಗೆ ಹೋಗೂಣು, ನಿನ್ನ ಸಂಗಾಟ ನಾ ಬರ್ತೇನಿ," ಎಂದಳು.

ನಸ್ರೀನ ಅದನ್ನು ಚೇಷ್ಟೆಯೆಂದುಕೊಂಡು ಮತ್ತೆ ನಕ್ಕಳು. ತಾಯಿ ಚಾಚಿದ ಕೈ ಹಾಗೆಯೇ ಇತ್ತು.